ಹೊರೆ ಇಳಿಸಲಾಗದಿದ್ದರೆ ಸಿಂಬಿ ಇಡಿ

ಪರೀಕ್ಷೆಯ ಒತ್ತಡವನ್ನು ಪೂರ್ತಿ ತೆಗೆದುಹಾಕುವುದು ಯಾರಿಂದಲೂ ಆಗದ ಕೆಲಸ. ಆದರೆ ಅದನ್ನು ಹೊರುವ ಬಗೆಯನ್ನು ದಿನನಿತ್ಯದ ಸಣ್ಣಪುಟ್ಟ ಅಭ್ಯಾಸಗಳಿಂದ ಕಲಿಯಬಹುದು.

ಮಾರ್ಚ್ ತಿಂಗಳ ಒಂದು ಬೆಳಗು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಿಂಡಿಯ ತಟ್ಟೆಯ ಮುಂದೆ ಕುಳಿತಿದ್ದಾಳೆ. ಎಡಗೈಯಲ್ಲಿ ವಿಜ್ಞಾನದ ನೋಟ್ಸು. ಬಲಗೈ ಉಪ್ಪಿಟ್ಟನ್ನು ಸುಮ್ಮನೆ ಕೆದಕುತ್ತಿದೆ.

"ಎರಡು ತುತ್ತಾದರೂ ತಿನ್ನೇ."

"ಬೇಡಮ್ಮಾ, ಹೊಟ್ಟೆ ತೊಳಸುತ್ತೆ."

ಅಷ್ಟರಲ್ಲಿ ಹಜಾರದಿಂದ ತಂದೆಯ ದನಿ ಕೇಳಿಬರುತ್ತದೆ: "ಪಕ್ಕದ ಮನೆಯವರ ಮಗಳು ಹೋದ ವರ್ಷ 625ಕ್ಕೆ 601 ತೆಗೆದಿದ್ದಳು, ನೆನಪಿರಲಿ."

ಹುಡುಗಿ ತಟ್ಟೆಯನ್ನು ಹಿಂದಕ್ಕೆ ತಳ್ಳಿ ಏಳುತ್ತಾಳೆ. ಪರೀಕ್ಷಾ ಕೊಠಡಿಯಲ್ಲಿ ಅಂಗೈ ಬೆವರುತ್ತದೆ, ಪೆನ್ನು ಜಾರುತ್ತದೆ. ಮೊದಲ ಪ್ರಶ್ನೆ ಚೆನ್ನಾಗಿ ಗೊತ್ತಿರುವುದೇ. ಆದರೆ ಉತ್ತರ ನೆನಪಿಗೆ ಬರುವುದಿಲ್ಲ. ಪರೀಕ್ಷೆ ಮುಗಿಸಿ ಮನೆಗೆ ಬರುವಾಗ ದಾರಿಯಲ್ಲಿ ಅದೇ ಉತ್ತರ, ಕರೆಯದೆ ಬಂದ ನೆಂಟನ ಹಾಗೆ, ತಾನಾಗಿಯೇ ಬಂದು ನಿಲ್ಲುತ್ತದೆ!

ಇದು ಒಂದು ಮನೆಯ ಕತೆಯಲ್ಲ. ಪರೀಕ್ಷೆ ಬರೆಯುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ವರ್ಷ ವರ್ಷವೂ ನಡೆಯುವ ಕತೆ. ಇದಕ್ಕೆ ಹುಡುಗಿಯ ಸೋಮಾರಿತನ ಕಾರಣವಲ್ಲ, ದಡ್ಡತನವೂ ಕಾರಣವಲ್ಲ. ಕಾರಣ ಒತ್ತಡ.

ವಿಜ್ಞಾನದ ಪಾಠದಲ್ಲಿ 'ಒತ್ತಡ' ಎಂಬ ಪದಕ್ಕೆ ಒಂದು ಸರಳ ಸೂತ್ರವಿದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಶಾಲಾಚೀಲದ ಪಟ್ಟಿಗಳು ಅಗಲವಾಗಿರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಬರೆಯದ ವಿದ್ಯಾರ್ಥಿಗಳೇ ಕಡಿಮೆ. ಅದೇ ಚೀಲವನ್ನು ತೆಳುವಾದ ಹುರಿಯಲ್ಲಿ ಹೆಗಲಿಗೆ ಹಾಕಿಕೊಂಡರೆ ಹುರಿ ಭುಜವನ್ನು ಕೊರೆಯುತ್ತದೆ. ತಲೆಯ ಮೇಲೆ ಕೊಡ ಹೊರುವ ಹೆಣ್ಣುಮಕ್ಕಳು, ಮೂಟೆ ಹೊರುವ ಹಮಾಲಿಗಳು ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಸಿಂಬಿ ಇಟ್ಟರೆ ಹೊರೆಯ ತೂಕ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ಆದರೆ ಭಾರ ಒಂದೇ ಕಡೆ ಒತ್ತದೆ ಹರಡಿಕೊಳ್ಳುತ್ತದೆ, ಕತ್ತು ನಿಲ್ಲುತ್ತದೆ.

ಮನಸ್ಸಿನ ಒತ್ತಡಕ್ಕೆ ಈ ಸೂತ್ರವನ್ನು ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ಹೋಲಿಕೆ ಉಪಯುಕ್ತ. ಪರೀಕ್ಷೆ ಎಂಬ ಹೊರೆಯನ್ನು ಇಳಿಸಲು ಆಗುವುದಿಲ್ಲ. ಸಿಂಬಿ ಇಡಬಹುದು. ಆ ಸಿಂಬಿಯೇ ದಿನನಿತ್ಯದ ಕೆಲವು ಸಣ್ಣ ಅಭ್ಯಾಸಗಳು.

ಬೆಕ್ಕಿನ ಹೊಟ್ಟೆ ಹೇಳಿದ ಸತ್ಯ

ಪರೀಕ್ಷೆಯ ದಿನ ತಿಂಡಿ ಸೇರುವುದಿಲ್ಲವೇಕೆ? ಈ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ಒಂದು ಬೆಕ್ಕಿನಿಂದ. 1895ರಲ್ಲಿ ಕ್ಷ-ಕಿರಣಗಳ ಆವಿಷ್ಕಾರವಾಯಿತು. ಅದಾದ ಒಂದೆರಡು ವರ್ಷಗಳಲ್ಲೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕ್ಯಾನನ್ ಎಂಬ ಯುವಕ, ಬೆಕ್ಕುಗಳ ಆಹಾರದಲ್ಲಿ ಬಿಸ್ಮತ್ ಲವಣ ಬೆರೆಸಿ ಕ್ಷ-ಕಿರಣಗಳ ಸಹಾಯದಿಂದ ಜಠರದ ಚಲನೆಯನ್ನು ಗಮನಿಸುತ್ತಿದ್ದ. ಬೆಕ್ಕು ನೆಮ್ಮದಿಯಿಂದಿರುವಾಗ ಜಠರ ಅಲೆಅಲೆಯಾಗಿ ಚಲಿಸುತ್ತಿತ್ತು. ಬೆಕ್ಕು ಬೆದರಿದರೆ ಅಥವಾ ಸಿಟ್ಟಿಗೆದ್ದರೆ ಆ ಚಲನೆ ನಿಂತೇಹೋಗುತ್ತಿತ್ತು!

ಮುಂದೆ ಕ್ಯಾನನ್ ಇದರ ಅರ್ಥವನ್ನು ಬಿಡಿಸಿ 1915ರಲ್ಲಿ ಒಂದು ಪುಸ್ತಕ ಬರೆದ. ಅಪಾಯ ಎದುರಾದಾಗ ದೇಹದ ಮುಂದಿರುವುದು ಎರಡು ದಾರಿ: ಹೋರಾಡು ಇಲ್ಲವೆ ಓಡು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ. ಓಡುವ ಹೊತ್ತಿನಲ್ಲಿ ಜೀರ್ಣಕ್ರಿಯೆ ತುರ್ತಿನ ಕೆಲಸವಲ್ಲ. ಹಾಗಾಗಿ ಹೊಟ್ಟೆಯ ಕೆಲಸ ನಿಲ್ಲುತ್ತದೆ. ಹುಲಿ ಎದುರಿಗೆ ಬಂದಾಗ ಇದೆಲ್ಲ ಬೇಕು. ಆದರೆ ಪ್ರಶ್ನೆಪತ್ರಿಕೆ ಹುಲಿಯಲ್ಲ ಎಂಬುದು ನಮ್ಮ ಅಡ್ರಿನಲ್ ಗ್ರಂಥಿಗಳಿಗೆ ಗೊತ್ತಿಲ್ಲ!

ಕೆನಡದ ಮಾಂಟ್ರಿಯಲ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ಮತ್ತೊಂದು ಸಂಗತಿಯನ್ನು ಬೆಳಕಿಗೆ ತಂದ. ಚಳಿಯಿರಲಿ, ಅತಿಯಾದ ದಣಿವಿರಲಿ, ಹಾನಿಕರ ರಾಸಾಯನಿಕವಿರಲಿ, ಕಾರಣ ಯಾವುದೇ ಆದರೂ ಇಲಿಗಳ ದೇಹದಲ್ಲಿ ಕಾಣಿಸುತ್ತಿದ್ದ ಬದಲಾವಣೆ ಒಂದೇ ಬಗೆಯದು. ಅಡ್ರಿನಲ್ ಗ್ರಂಥಿ ದಪ್ಪಗಾಗುತ್ತಿತ್ತು, ಜಠರದಲ್ಲಿ ಹುಣ್ಣುಗಳಾಗುತ್ತಿದ್ದವು. ಒತ್ತಡ ಬಹುಕಾಲ ಮುಂದುವರಿದರೆ ದೇಹ ಸವೆಯುತ್ತದೆ ಎಂಬ ತಿಳಿವಳಿಕೆಗೆ ಇದು ಬುನಾದಿಯಾಯಿತು.

ಗೊತ್ತಿದ್ದ ಉತ್ತರ ಮರೆತುಹೋಗುವುದಕ್ಕೂ ವಿವರಣೆಯಿದೆ. ಒತ್ತಡದ ಸಮಯದಲ್ಲಿ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನೂ ಹೆಚ್ಚಾಗಿ ಸ್ರವಿಸುತ್ತವೆ. ಸ್ವಿಟ್ಜರ್ಲೆಂಡಿನ ಜೂರಿಕ್‌ನ ವಿಜ್ಞಾನಿಗಳು ಕೆಲವರಿಗೆ ಪದಗಳ ಪಟ್ಟಿಯೊಂದನ್ನು ಕಲಿಸಿ, ಮರುದಿನ ನೆನಪಿನ ಪರೀಕ್ಷೆಗೆ ಒಂದು ಗಂಟೆ ಮೊದಲು ಇದೇ ಜಾತಿಯ ಹಾರ್ಮೋನಿನ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದಾಗ ಅವರು ನೆನಪಿಸಿಕೊಂಡ ಪದಗಳು ಕಡಿಮೆಯಾದವು. ಈ ಫಲಿತಾಂಶ ಪ್ರಕಟವಾದದ್ದು 2000ದಲ್ಲಿ. ಅಂದರೆ ಉತ್ತರ ತಲೆಯಿಂದ ಅಳಿಸಿಹೋಗಿರುವುದಿಲ್ಲ. ಉಗ್ರಾಣದಲ್ಲಿ ಭದ್ರವಾಗಿಯೇ ಇರುತ್ತದೆ. ಬಾಗಿಲು ಮಾತ್ರ ಸ್ವಲ್ಪ ಹೊತ್ತು ಬಿಗಿದುಕೊಂಡಿರುತ್ತದೆ. ದಾರಿಯಲ್ಲಿ ಬರುವಾಗ ಒತ್ತಡ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ. ಈ ಒಂದು ವಿಷಯ ತಿಳಿದಿದ್ದರೂ ಸಾಕು, ವಿದ್ಯಾರ್ಥಿಯ ಅರ್ಧ ಗಾಬರಿ ಕಡಿಮೆಯಾದೀತು.

ಒತ್ತಡವೇ ಇಲ್ಲದಿದ್ದರೆ?

ಹಾಗೆಂದು ಒತ್ತಡವೆಲ್ಲ ಕೆಟ್ಟದ್ದಲ್ಲ. ತಂತಿಯನ್ನು ಬಿಗಿಯದೆ ತಂಬೂರಿ ನುಡಿಯುವುದಿಲ್ಲ. ಅತಿಯಾಗಿ ಬಿಗಿದರೆ ತಂತಿ ಹರಿಯುತ್ತದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಪುಟ್ಟ ಇಲಿಗಳ ಮೇಲೆ ನಡೆಸಿದ ಪ್ರಯೋಗವೂ ಇದನ್ನೇ ಸೂಚಿಸಿತು. ತಪ್ಪು ಮಾಡಿದಾಗ ಇಲಿಗೆ ವಿದ್ಯುತ್ತಿನ ಸಣ್ಣ ಆಘಾತ ಕೊಡಲಾಗುತ್ತಿತ್ತು. ಕಲಿಯಬೇಕಾದದ್ದು ಕಷ್ಟದ್ದಾಗಿದ್ದಾಗ, ತೀರ ಸೌಮ್ಯ ಆಘಾತವೂ ಅಲ್ಲದ, ತೀರ ತೀವ್ರ ಆಘಾತವೂ ಅಲ್ಲದ ಮಧ್ಯಮ ಸ್ಥಿತಿಯಲ್ಲಿ ಇಲಿಗಳು ಬೇಗ ಕಲಿತವು. ಮಕ್ಕಳಿಗೆ ಬೇಕಾದದ್ದು ಒತ್ತಡದ ಹದ, ಅದರ ನಾಶವಲ್ಲ.

ಉಸಿರೆಂಬ ಕಡಿವಾಣ

ಹೃದಯ ಬಡಿತಕ್ಕೆ 'ನಿಧಾನವಾಗು' ಎಂದು ಆಜ್ಞೆ ಕೊಡಲು ನಮ್ಮಿಂದ ಸಾಧ್ಯವಿಲ್ಲ. ಜಠರಕ್ಕೂ ಅಷ್ಟೆ. ಆದರೆ ಉಸಿರಾಟ ಹಾಗಲ್ಲ. ಅದು ತಾನಾಗಿಯೂ ನಡೆಯುತ್ತದೆ, ಹೇಳಿದರೂ ಕೇಳುತ್ತದೆ. ಆದ್ದರಿಂದಲೇ ಉಸಿರು ನಮ್ಮ ಕೈಗೆ ಸಿಗುವ ಕಡಿವಾಣ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಬಲಗೈಯ ಎರಡು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಇಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆದುಕೊಳ್ಳಿ. ಇನ್ನೂ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗಿ, ಬಿಡುವಾಗ ತುಸು ನಿಧಾನವಾಗಿ ಬಡಿಯುವುದು ಅನುಭವಕ್ಕೆ ಬರುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಈ ವ್ಯತ್ಯಾಸ ಹೆಚ್ಚು ಸ್ಪಷ್ಟ. ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಇಳಿದು ಬರುವ ವೇಗಸ್ ಎಂಬ ನರ ಇದರ ಸೂತ್ರಧಾರ. ಉಸಿರು ಬಿಡುವ ಅವಧಿ ಉದ್ದವಾದಷ್ಟೂ ಹೃದಯಕ್ಕೆ ಸಾವಧಾನದ ಸಂದೇಶ ಹೆಚ್ಚು ಹೊತ್ತು ಸಿಗುತ್ತದೆ.

ಅಭ್ಯಾಸ ಹೀಗಿರಲಿ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದುಕೊಳ್ಳಿ. ಆರು ಎಣಿಸುವವರೆಗೆ ಬಿಡಿ. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಸಾಕು. ಉಸಿರು ಕಟ್ಟಿ ಹಿಡಿಯುವ ಸಾಹಸ ಬೇಡ. ತಲೆ ಹಗುರವಾದಂತೆ ಅನ್ನಿಸಿದರೆ ನಿಲ್ಲಿಸಿ ಮಾಮೂಲಿನಂತೆ ಉಸಿರಾಡಿ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ತಿಂಗಳ ಕಾಲ ದಿನಕ್ಕೆ ಐದು ನಿಮಿಷ ದೀರ್ಘವಾಗಿ ಉಸಿರು ಬಿಡುವ ಅಭ್ಯಾಸ ಮಾಡಿದವರ ಮನಸ್ಸಿನ ಉಲ್ಲಾಸ ಹೆಚ್ಚಿದ್ದು ಕಂಡುಬಂತು.

ಇಲ್ಲೊಂದು ಎಚ್ಚರಿಕೆ. ಇದನ್ನು ಪರೀಕ್ಷೆಯ ದಿನವೇ ಮೊದಲ ಬಾರಿ ಮಾಡಹೊರಟರೆ ಅದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದ ಹಾಗೆ. ದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ಸಂಜೆ ಪುಸ್ತಕ ತೆರೆಯುವ ಮೊದಲು, ಮಾಡುತ್ತ ಬಂದರೆ ಬೇಕಾದಾಗ ಕೈಹಿಡಿಯುತ್ತದೆ.

ಬಿಗಿದು ಸಡಿಲಿಸಿ

ಓದುತ್ತ ಕುಳಿತ ಹುಡುಗನ ಭುಜಗಳನ್ನು ಗಮನಿಸಿ. ಅವನಿಗೇ ತಿಳಿಯದಂತೆ ಅವು ಕಿವಿಯ ಕಡೆಗೆ ಏರಿರುತ್ತವೆ. ದವಡೆ ಬಿಗಿದಿರುತ್ತದೆ, ಹಣೆ ಗಂಟಿಕ್ಕಿರುತ್ತದೆ. ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ದೇಹದ ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸಿದರೆ ಮನಸ್ಸಿನ ತಳಮಳವೂ ಇಳಿಯುತ್ತದೆ ಎಂದು ತೋರಿಸಿಕೊಟ್ಟ. ಮುಷ್ಟಿಯನ್ನು ಐದು ಸೆಕೆಂಡು ಬಿಗಿಯಾಗಿ ಹಿಡಿದು ಥಟ್ಟನೆ ಬಿಡಿ. ಬಿಗಿತಕ್ಕೂ ಸಡಿಲಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಹೀಗೆಯೇ ತೋಳು, ಭುಜ, ಮುಖ, ಹೊಟ್ಟೆ, ಕಾಲುಗಳು.

ನಮ್ಮವರಿಗೆ ಇದು ಹೊಸದೇನಲ್ಲ. ಶವಾಸನದಲ್ಲಿ ಮಾಡುವುದೂ ಬಹುಮಟ್ಟಿಗೆ ಇದೇ. ಮುಂಬಯಿಯ ಹೃದ್ರೋಗ ತಜ್ಞ ಕೆ.ಕೆ. ದಾತೆ ಮತ್ತು ಸಂಗಡಿಗರು ಅಧಿಕ ರಕ್ತದೊತ್ತಡದ ರೋಗಿಗಳಿಗೆ ಶವಾಸನ ಕಲಿಸಿ, ಅದರಿಂದಾದ ಪ್ರಯೋಜನವನ್ನು 1969ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದರು. ಮಲಗುವ ಮುನ್ನ ಚಾಪೆಯ ಮೇಲೆ ಹತ್ತು ನಿಮಿಷ ಕೈಕಾಲು ಚೆಲ್ಲಿ ಅಂಗಾತ ಮಲಗಲು ಖರ್ಚೇನಿದೆ?

ನಿದ್ದೆಯೂ ಓದಿನ ಭಾಗವೇ

'ನಿದ್ದೆ ಬಿಟ್ಟು ಓದುತ್ತಾನೆ' ಎಂಬುದನ್ನು ನಮ್ಮಲ್ಲಿ ಹೊಗಳಿಕೆಯಾಗಿ ಹೇಳುತ್ತಾರೆ. ವಾಸ್ತವವಾಗಿ ಅದು ಆತಂಕಪಡಬೇಕಾದ ಸಂಗತಿ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಎಂಬ ಸಂಶೋಧಕರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಮೇಲೆ ಕೆಲವು ಗಂಟೆ ನಿದ್ದೆ ಮಾಡಿದಾಗ ಎಷ್ಟು ನೆನಪಿತ್ತೋ, ಅಷ್ಟೇ ಗಂಟೆ ಎಚ್ಚರವಿದ್ದಾಗ ಅದಕ್ಕಿಂತ ತೀರ ಕಡಿಮೆ ನೆನಪಿತ್ತು. ಹಗಲು ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ ಎಂಬುದನ್ನು ನಂತರದ ಅನೇಕ ಸಂಶೋಧನೆಗಳೂ ಸಮರ್ಥಿಸಿವೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ರಾತ್ರಿ ಒಂದಕ್ಕೆ ಮಲಗಿ ನಾಲ್ಕೂವರೆಗೆ ಏಳುವ ಹುಡುಗನಿಗೆ ಸಿಗುವುದು ಮೂರೂವರೆ ಗಂಟೆ. ಅವನು ಬಿತ್ತುತ್ತಿದ್ದಾನೆ, ಆದರೆ ಮೊಳಕೆಯೊಡೆಯಲು ಸಮಯ ಕೊಡುತ್ತಿಲ್ಲ.

ನಿದ್ದೆಗೆ ಎರಡು ಶತ್ರುಗಳು. ಮೊದಲನೆಯದು ರಾತ್ರಿಯ ಕಾಫಿ. ಕಾಫಿಯಲ್ಲಿರುವ ಕೆಫೀನಿಗೂ ವಿಕಿರಣಶೀಲ ವಸ್ತುವಿನ ಹಾಗೆ ಅರ್ಧಾಯು ಉಂಟು. ಕುಡಿದದ್ದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಇದು ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚುಕಡಿಮೆಯಾಗಬಹುದು. ರಾತ್ರಿ ಎಂಟಕ್ಕೆ ಕುಡಿದ ಲೋಟದ ಅರ್ಧ ಪ್ರಭಾವ ಒಂದು ಗಂಟೆಗೂ ಉಳಿದಿರುತ್ತದೆ. ಆದ್ದರಿಂದ ಸಂಜೆ ನಾಲ್ಕರ ನಂತರ ಕಾಫಿ, ಟೀ ಬೇಡ. ಎರಡನೆಯ ಶತ್ರು ದಿಂಬಿನ ಪಕ್ಕದ ಮೊಬೈಲು. ಅದರ ಬೆಳಕು ನಿದ್ದೆ ಬರಿಸುವ ಹಾರ್ಮೋನಿಗೆ ಅಡ್ಡಿ. ಅದರೊಳಗಿನ ಗೆಳೆಯರ ಮಾತು, 'ಎಷ್ಟು ಚಾಪ್ಟರ್ ಮುಗಿಸಿದೆ?' ಎಂಬ ವಿಚಾರಣೆ, ಮನಸ್ಸಿಗೆ ಅಡ್ಡಿ. ಮಲಗುವ ಒಂದು ಗಂಟೆ ಮೊದಲು ಮೊಬೈಲು ಬೇರೆ ಕೋಣೆಯಲ್ಲಿರಲಿ. ಮಕ್ಕಳದ್ದಷ್ಟೇ ಅಲ್ಲ, ಅಪ್ಪ ಅಮ್ಮನದೂ!

ಕಾಲಿಗೆ ಕೆಲಸ, ಕೈಗೆ ಕೆಲಸ

ಅಡ್ರಿನಲಿನ್ ದೇಹವನ್ನು ಓಡಲು ಸಜ್ಜುಗೊಳಿಸುತ್ತದೆ. ವಿದ್ಯಾರ್ಥಿ ಮಾತ್ರ ಕುರ್ಚಿಯಲ್ಲಿ ಕುಳಿತೇ ಇರುತ್ತಾನೆ. ಒಲೆ ಉರಿಸಿ ಪಾತ್ರೆ ಇಡದ ಹಾಗಾಯಿತು. ಆ ಶಾಖ ಎಲ್ಲಿಗೆ ಹೋಗಬೇಕು? 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತಹ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಪರೀಕ್ಷೆಯ ದಿನಗಳಲ್ಲಿ ಅಷ್ಟು ಆಗದಿದ್ದರೂ ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆಯಲಿ, ಸೈಕಲ್ ತುಳಿಯಲಿ, ಹಗ್ಗದಾಟ ಆಡಲಿ. 'ಪರೀಕ್ಷೆ ಮುಗಿಯುವವರೆಗೆ ಆಟ ಬಂದ್' ಎಂಬ ಕಟ್ಟಪ್ಪಣೆಯಿಂದ ಉಳಿಯುವ ಅರ್ಧ ಗಂಟೆಗಿಂತ, ಮಂಕಾದ ಮನಸ್ಸಿನಿಂದ ಕಳೆದುಹೋಗುವ ಸಮಯವೇ ಹೆಚ್ಚು.

ಕೈಗೂ ಸ್ವಲ್ಪ ಕೆಲಸವಿರಲಿ. ಗಿಡಕ್ಕೆ ನೀರು ಹಾಕುವುದು, ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ರಂಗೋಲಿ ಬಿಡುವುದು. ಇವುಗಳಲ್ಲಿ ಅಂಕವಿಲ್ಲ, ಸೋಲುಗೆಲುವಿಲ್ಲ. ಕಣ್ಣು ಕೈಗಳು ಒಂದೇ ಕಡೆ ನಿಂತಾಗ ನಾಳೆಯ ಚಿಂತೆ ಹತ್ತು ನಿಮಿಷ ಹೊರಗೆ ಕಾಯುತ್ತದೆ.

ಚಿಂತೆ ಕಾಗದಕ್ಕೆ ಇಳಿಯಲಿ

ಶಿಕಾಗೋ ವಿಶ್ವವಿದ್ಯಾಲಯದ ರಾಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ಒಂದು ಕುತೂಹಲಕರ ಪ್ರಯೋಗವನ್ನು ಪ್ರಕಟಿಸಿದರು. ಪರೀಕ್ಷೆಗೆ ಸ್ವಲ್ಪ ಮುಂಚೆ ವಿದ್ಯಾರ್ಥಿಗಳು ತಮ್ಮ ಭಯವನ್ನು ಹತ್ತು ನಿಮಿಷ ಕಾಗದದ ಮೇಲೆ ಬರೆದರು. ಹೆಚ್ಚು ಭಯಪಡುತ್ತಿದ್ದವರಲ್ಲಿ, ಹೀಗೆ ಬರೆದವರು ಬರೆಯದವರಿಗಿಂತ ಉತ್ತಮ ಅಂಕ ಪಡೆದರು. ನಂತರದ ಪ್ರಯೋಗಗಳಲ್ಲೆಲ್ಲ ಇದೇ ಫಲ ಸಿಕ್ಕಿದೆ ಎನ್ನಲಾಗದು. ಆದರೆ ಪ್ರಯತ್ನಿಸಿ ನೋಡಲು ಒಂದು ಹಾಳೆ ಸಾಕು. 'ತ್ರಿಕೋನಮಿತಿ ತಲೆಗೆ ಹತ್ತುತ್ತಿಲ್ಲ', 'ಅಪ್ಪನಿಗೆ ಏನು ಹೇಳಲಿ' ಎಂದು ಬರೆಯಿರಿ. ಬರೆದು ಹರಿದುಹಾಕಿದರೂ ಸರಿಯೆ. ತಲೆಯಲ್ಲಿ ಸುತ್ತುವಾಗ ಬೆಟ್ಟದಂತೆ ಕಾಣುವ ಚಿಂತೆ ಕಾಗದದ ಮೇಲೆ ನಾಲ್ಕೇ ಸಾಲು ಆಗಿಬಿಡುತ್ತದೆ. ಅದರಲ್ಲಿ ಎರಡಕ್ಕೆ ಪರಿಹಾರವೂ ಹೊಳೆಯುತ್ತದೆ.

ಅಪ್ಪ ಅಮ್ಮಂದಿರು ಏನು ಮಾಡಬಹುದು?

ಮತ್ತೆ ಆ ಬೆಳಗಿನ ಮನೆಗೆ ಹೋಗೋಣ. ಆ ತಂದೆ ದುಷ್ಟನಲ್ಲ. ಮಗಳ ಮೇಲಿನ ಆಸೆಯಿಂದಲೇ ಆ ಮಾತು ಬಂದದ್ದು. ಆದರೆ ಹೊರೆ ಹೊತ್ತು ಹೊರಟವಳ ತಲೆಯ ಮೇಲೆ ಪಕ್ಕದ ಮನೆಯವರ 601ನ್ನೂ ಇಟ್ಟಂತಾಯಿತು. ಅವರು ಸಿಂಬಿಯಾಗಬೇಕಿತ್ತು, ಮತ್ತೊಂದು ಮೂಟೆಯಾದರು.

ಪರೀಕ್ಷೆಯ ದಿನ ಹೋಲಿಕೆಯ ಮಾತು ಬೇಡವೇ ಬೇಡ. ಹೊಸದಾಗಿ ಏನನ್ನೂ ಓದಿಸುವುದು ಬೇಡ. ಹೊಟ್ಟೆ ಒಲ್ಲೆ ಎನ್ನುತ್ತಿದ್ದರೆ ಎಣ್ಣೆ ತಿಂಡಿ ಬಿಟ್ಟು ಎರಡು ಇಡ್ಲಿ, ತುಸು ಮೊಸರನ್ನ, ಇಲ್ಲವೆ ರಾಗಿ ಗಂಜಿಯನ್ನು ಅವಸರವಿಲ್ಲದೆ ಕೊಡಿ. ಹಾಲ್ ಟಿಕೆಟ್, ಪೆನ್ನು, ನೀರಿನ ಬಾಟಲಿ ಹಿಂದಿನ ರಾತ್ರಿಯೇ ಚೀಲ ಸೇರಿರಲಿ. ಮನೆಗೆ ಬಂದ ಕೂಡಲೇ ಪ್ರಶ್ನೆಪತ್ರಿಕೆ ಬಿಡಿಸಿ 'ಇದಕ್ಕೇನು ಬರೆದೆ, ಅದಕ್ಕೇನು ಬರೆದೆ' ಎಂಬ ಮರುಪರೀಕ್ಷೆ ಮಾಡಬೇಡಿ. ಆಗಿಹೋದದ್ದು ತಿದ್ದಲಾಗದು. ನಾಡಿದ್ದಿನ ಪರೀಕ್ಷೆಯ ಧೈರ್ಯವನ್ನು ಮಾತ್ರ ಅದು ತಿಂದುಹಾಕುತ್ತದೆ. 'ಬಿಸಿಲಲ್ಲಿ ಬಂದಿದ್ದೀಯ, ಕೈಕಾಲು ತೊಳೆದುಕೊಂಡು ಊಟಕ್ಕೆ ಬಾ' ಎನ್ನಿ. ಮಿಕ್ಕದ್ದನ್ನು ಮಗುವೇ ಹೇಳುತ್ತದೆ.

ಇನ್ನೊಂದು ಮಾತು ಮಕ್ಕಳ ಕಿವಿಗೆ ಮೊದಲೇ ಬಿದ್ದಿರಬೇಕು. ಒಂದು ಪರೀಕ್ಷೆಯೇ ಕೊನೆಯಲ್ಲ. 2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮುಖ್ಯ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಇದನ್ನು ಫಲಿತಾಂಶದ ದಿನ ಸಮಾಧಾನಕ್ಕಾಗಿ ಹೇಳಿದರೆ ಸಾಲದು. ಓದುವ ದಿನಗಳಲ್ಲೇ ಹೇಳಿದರೆ ಅದೂ ಒಂದು ಸಿಂಬಿ.

ಸಿಂಬಿ ಸಾಲದಾದಾಗ

ಕೆಲವೊಮ್ಮೆ ಅಭ್ಯಾಸಗಳಷ್ಟೇ ಸಾಲವು. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಇಷ್ಟದ ಕೆಲಸಗಳಲ್ಲೂ ಆಸಕ್ತಿ ಕಳೆದುಕೊಳ್ಳುವುದು, 'ನಾನಿದ್ದು ಏನು ಪ್ರಯೋಜನ' ಎಂಬಂಥ ಮಾತು. ಇವು ನಾಟಕವಲ್ಲ, ಸಹಾಯ ಬೇಡುವ ಸೂಚನೆಗಳು. ಗದರಬೇಡಿ, ಉಪದೇಶವನ್ನೂ ಮಾಡಬೇಡಿ. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ, ತಡಮಾಡದೆ ವೈದ್ಯರನ್ನು ಕಾಣಿರಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ವಿದ್ಯಾರ್ಥಿಗಳು ತಾವೇ ಕರೆ ಮಾಡಬಹುದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗಲು ನಾಚಿಕೆಯಿಲ್ಲ. ಇದಕ್ಕೇಕೆ ನಾಚಿಕೆ?

ಇಲ್ಲಿ ಹೇಳಿದ್ದನ್ನೆಲ್ಲ ನಾಳೆಯಿಂದಲೇ ಒಟ್ಟಿಗೆ ಶುರು ಮಾಡಿದರೆ ಅದೇ ಹೊಸ ಒತ್ತಡವಾದೀತು! ಒಂದನ್ನು ಆರಿಸಿಕೊಳ್ಳಿ. ಐದು ನಿಮಿಷದ ಉಸಿರಾಗಲಿ, ಅರ್ಧ ಗಂಟೆಯ ನಡಿಗೆಯಾಗಲಿ, ಬೇಗ ಆರಿಸುವ ದೀಪವಾಗಲಿ. ಹದಿನೈದು ದಿನ ತಪ್ಪದೆ ನಡೆಸಿ, ಆಮೇಲೆ ಇನ್ನೊಂದನ್ನು ಸೇರಿಸಿಕೊಳ್ಳಿ. ಸಿಂಬಿಯೂ ಒಂದೇ ಏಟಿಗೆ ಆಗುವುದಿಲ್ಲ. ಬಟ್ಟೆಯನ್ನು ಸುತ್ತು ಸುತ್ತಾಗಿ ಸುತ್ತಿಯೇ ಅದು ಆಗುವುದು. ಹೊರೆ ಎತ್ತುವ ಮೊದಲೇ ಅದನ್ನು ಸುತ್ತಿ ಇಟ್ಟುಕೊಂಡಿರಬೇಕು, ಅಷ್ಟೆ.